ಮೇಕೆ ಶೆಡ್ಡಿನ ಅಟ್ಟಣಿಗೆಗೆ ಕಬ್ಬಿಣದ ಜಾಲರಿ ಹಾಸುವ ಮುಂಚೆ

ಶಿರಾ, ಮಧುಗಿರಿ, ಪಾವಗಡ ಕಡೆ ಈಗ ಮೇಕೆ ಸಾಕುವವರು ನಾಲ್ಕು ಜನ ಸೇರಿದರೆ ಅಟ್ಟಣಿಗೆ ಶೆಡ್ಡಿನ ಮಾತೇ. ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ ಜಾಲರಿ ನೆಲ, ಮೇಲೆ ಮೇಕೆ, ಕೆಳಗೆ ಹಿಕ್ಕೆ. ಗುಡಿಸುವ ಕೆಲಸ ಕಮ್ಮಿ, ಮಳೆಗಾಲದಲ್ಲಿ ರೊಪ್ಪದ ಕೆಸರಿಲ್ಲ, ಗೊಬ್ಬರಕ್ಕೆ ಗುಬ್ಬಿ, ತಿಪಟೂರಿನ ತೋಟದವರು ಟ್ರಾಕ್ಟರ್ ತಂದು ನಿಲ್ಲಿಸುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. ನಾನು ಬರೆಯುತ್ತಿರುವುದು ಆ ಜಾಲರಿಯ ಬಗ್ಗೆ ಮಾತ್ರ. ಮುಂಗಡ ಕೊಟ್ಟಿಲ್ಲದಿದ್ದರೆ ಪೂರ್ತಿ ಓದಿ. ಕೊಟ್ಟಾಗಿದ್ದರೆ ಬೇಗ ಓದಿ.

ನಮ್ಮದು ಶಿರಾ ತಾಲ್ಲೂಕು. ಮರದ ಪಟ್ಟಿ ಗಂಜಲಕ್ಕೆ ಕೊಳೆಯುತ್ತದೆ, ಪ್ಲಾಸ್ಟಿಕ್ ಸ್ಲ್ಯಾಟಿಗೆ ಕೈ ಎಟುಕಲಿಲ್ಲ, ಹಾಗಾಗಿ ಉಕ್ಕಿನ ಹಾಳೆಯನ್ನೇ ಸೀಳಿ ಹಿಗ್ಗಿಸಿ ಮಾಡುವ ಎಕ್ಸ್‌ಪ್ಯಾಂಡೆಡ್ ಮೆಟಲ್ ಜಾಲರಿ ಅಂತ ಮನೆಯಲ್ಲಿ ತೀರ್ಮಾನವಾಯಿತು. ತುಮಕೂರು ಕಡೆಯ ಒಬ್ಬ ಫ್ಯಾಬ್ರಿಕೇಶನ್ ಗುತ್ತಿಗೆದಾರ ಒಪ್ಪಿಕೊಂಡ. ಮಾತಾಗಿದ್ದು ಇಷ್ಟು: 3 ಎಂಎಂ ದಪ್ಪ, 3 ಎಂಎಂ ಎಳೆ, 20 ಎಂಎಂ ಕಣ್ಣು, ಚಪ್ಪಟೆ ಮಾಡಿದ ಜಾಲರಿ, ಹಾಟ್ ಡಿಪ್ ಗ್ಯಾಲ್ವನೈಸ್, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು. ಇದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದ್ದೆ, ‘ಓಕೆ ಸಾರ್’ ಅಂತ ಉತ್ತರ ಬಂತು. ಆ ‘ಓಕೆ ಸಾರ್’ ಮುಂದೆ ಕೆಲಸಕ್ಕೆ ಬಂತು, ಆಮೇಲೆ ಹೇಳುತ್ತೇನೆ.

ಶೀಟುಗಳು ಬಂದವು, ಬೆಳ್ಳಗೆ ಫಳಫಳ. ನಾವು ನೆಂಟರ ಮದುವೆ ಓಡಾಟದಲ್ಲಿದ್ದಾಗ ಕೂರಿಸಿ, ವೆಲ್ಡ್ ಹೊಡೆದು, ಬಾಕಿ ಇಸಕೊಂಡು ಹೋದರು.

ಮೊದಲು ಕುಂಟಿದ್ದು ಒಂದು ಗಬ್ಬದ ಮೇಕೆ. ಹಿಡಿದು ನೋಡಿದರೆ ಗೊರಸಿನ ಸಂದಿಯಲ್ಲಿ ಉದ್ದಕ್ಕೆ ಸೀಳು. ಎಲ್ಲೋ ಮುಳ್ಳು ಚುಚ್ಚಿರಬೇಕು ಅಂತ ಅರಿಶಿಣ ಹಚ್ಚಿ ಬಿಟ್ಟರು ನಮ್ಮಮ್ಮ. ಆಮೇಲೆ ಇನ್ನೊಂದು, ಮತ್ತೊಂದು, ನೋಡನೋಡುತ್ತಾ ಅರ್ಧ ಹಿಂಡು ಕಾಲು ಎತ್ತಿಕೊಂಡೇ ನಿಲ್ಲುತ್ತಿತ್ತು. ಗಾಯಕ್ಕೆ ಗಂಜಲ ಸೇರಿ ಗೊರಸು ಕೊಳೆಯಲು ಶುರುವಾಯಿತು. ಮಲಗಿದರೆ ಮೊಣಕಾಲು ತರಚುತ್ತದೆ ಅಂತ ಕೆಲವು ಮಲಗುವುದನ್ನೇ ಬಿಟ್ಟವು. ಒಂದು ಎಳೆ ಮರಿ ರಾತ್ರಿ ಜಾಲರಿಯ ಕಣ್ಣಿನೊಳಗೆ ಕಾಲು ಸಿಕ್ಕಿಸಿಕೊಂಡು, ಎಳೆದಾಡಿ, ಮೂಳೆ ಮುರಿದುಕೊಂಡಿತು. ಉಳಿಯಲಿಲ್ಲ.

ಪಶು ವೈದ್ಯರು ಬಂದವರು ಮೇಕೆಯ ಕಾಲು ಮುಟ್ಟುವುದಕ್ಕೆ ಮೊದಲು ನೆಲದ ಮೇಲೆ ಅಂಗೈ ಸವರಿ ನೋಡಿದರು. ‘ಮೊದಲು ಇವನ್ನು ಕೆಳಗೆ ಇಳಿಸಿ’ ಅಂದರು. ಔಷಧಿಯ ಜೊತೆಗೆ 10 ಶೇಕಡಾ ಜಿಂಕ್ ಸಲ್ಫೇಟ್ ನೀರಿನಲ್ಲಿ ಕಾಲು ನೆನೆಸಿ ನಿಲ್ಲಿಸುವುದನ್ನು ಹೇಳಿಕೊಟ್ಟರು. ಮೈಲುತುತ್ತದ ನೀರೂ ಬಳಕೆಯಲ್ಲಿದೆ, ಆದರೆ ಕುರಿ ಇರುವ ಮನೆಯಲ್ಲಿ ಹುಷಾರು. ಅದನ್ನು ಕುಡಿದರೆ ತಾಮ್ರ ಕುರಿಗೆ ವಿಷವಾಗುತ್ತದೆ.

ಈಗ ಜಾಲರಿಗೆ ಬರೋಣ. ಅದು ಹೇಗೆ ತಯಾರಾಗುತ್ತದೆ ಅಂತ ಗೊತ್ತಾದರೆ ಮೋಸ ಎಲ್ಲೆಲ್ಲಿ ಕೂತಿರುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಇದು ತಂತಿ ಹೆಣೆದದ್ದಲ್ಲ, ವೆಲ್ಡ್ ಮೆಶ್ಶಿನ ಥರ ಸಂದಿಸಂದಿಗೆ ಬೆಸೆದದ್ದೂ ಅಲ್ಲ. ಪೂರ್ತಿ ಹಾಳೆಯನ್ನೇ ಪ್ರೆಸ್ಸಿಗೆ ಕೊಡುತ್ತಾರೆ, ಹಲ್ಲುಹಲ್ಲಿನ ಅಲಗು ಅದನ್ನು ಸಾಲುಸಾಲಾಗಿ ಸೀಳುತ್ತಾ, ಸೀಳಿದ್ದನ್ನು ಅದುಮಿ ಹಿಗ್ಗಿಸುತ್ತಾ ಹೋಗುತ್ತದೆ. ಜಾತ್ರೆ ಚಪ್ಪರಕ್ಕೆ ಬಣ್ಣದ ಕಾಗದ ಮಡಿಸಿ, ಅಲ್ಲಲ್ಲಿ ಕತ್ತರಿಸಿ, ಎಳೆದರೆ ಜಾಲರಿಯಾಗುತ್ತದಲ್ಲ, ಅದೇ ಕೆಲಸ ಉಕ್ಕಿನಲ್ಲಿ. ತೂತು ಹೊಡೆದ ಶೀಟಿನಲ್ಲಾದರೆ ತೂತಿನಷ್ಟು ಲೋಹ ಗುಜರಿಗೆ ಹೋಗುತ್ತದೆ. ಇದರಲ್ಲಿ ಪೋಲು ಇಲ್ಲ. ಎಲ್ಲಿ ಕತ್ತರಿಸಿದರೂ ಹೆಣಿಗೆ ಬಿಚ್ಚಿಕೊಳ್ಳುವುದಿಲ್ಲ, ವೆಲ್ಡ್ ಕಿತ್ತು ಬರುವ ಭಯವೂ ಇಲ್ಲ. ಒಳ್ಳೆಯ ಸರಕು, ಜಾಗ ನೋಡಿ ಹಾಕಿದರೆ.

ಪ್ರೆಸ್ಸಿನಿಂದ ಬಂದ ಹಾಗೆಯೇ ಮಾರಿದರೆ ಅದಕ್ಕೆ ರೈಸ್ಡ್ ಅನ್ನುತ್ತಾರೆ, ಅಂದರೆ ಎದ್ದ ಜಾಲರಿ. ಸೀಳಿ ಹಿಗ್ಗಿಸುವಾಗ ಪ್ರತಿ ಎಳೆಯೂ ಓರೆಯಾಗಿ ತಿರುಗಿಕೊಳ್ಳುತ್ತದೆ, ಸೀಳಿದ ಅಂಚು ಮೇಲಕ್ಕೆ ಬರುತ್ತದೆ. ಅದನ್ನು ಮತ್ತೆ ರೋಲರ್ ಕೆಳಗೆ ಹಾಯಿಸಿದರೆ ಎಳೆಗಳು ಮಲಗಿ ಹಾಳೆ ಸಮತಟ್ಟಾಗುತ್ತದೆ, ಅದು ಫ್ಲ್ಯಾಟನ್ಡ್, ಚಪ್ಪಟೆ ಜಾಲರಿ. ಒಂದು ಕೆಲಸ ಹೆಚ್ಚು, ಆದ್ದರಿಂದ ಬೆಲೆಯೂ ಹೆಚ್ಚು. ಎದ್ದ ಜಾಲರಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಾರ್ಖಾನೆಯ ನಡೆದಾರಿ, ಟ್ಯಾಂಕಿನ ಮೆಟ್ಟಿಲು, ಟ್ಯಾಂಕರ್ ಲಾರಿಯ ಪಾವಟಿಗೆ, ಇಲ್ಲೆಲ್ಲ ಎಣ್ಣೆ ನೀರು ಚೆಲ್ಲಿದರೂ ಬೂಟು ಜಾರದಿರುವುದಕ್ಕೆ ಆ ಎದ್ದ ಅಂಚೇ ಕಾರಣ. ಬೂಟಿಗೆ ಹಿಡಿತ ಕೊಡುವ ಅದೇ ಅಂಚು ಗೊರಸಿನ ಸಂದಿಯನ್ನು ಹಗಲೂ ರಾತ್ರಿ ಕೊಯ್ಯುತ್ತದೆ. ನಮ್ಮ ಶೆಡ್ಡಿಗೆ ಬಂದಿದ್ದು ಇದು.

ದಪ್ಪದ ವಿಷಯ ಇನ್ನೂ ಚೆಂದ. ಅಂಗಡಿಯಲ್ಲಿ ‘16 ಗೇಜು, ಗಟ್ಟಿ ಮಾಲು’ ಅನ್ನುತ್ತಾರೆ. ಗೇಜಿನ ಸಂಖ್ಯೆ ದೊಡ್ಡದಾದಷ್ಟೂ ಹಾಳೆ ತೆಳು: 16 ಗೇಜು ಅಂದರೆ ಬರೀ 1.6 ಎಂಎಂ, 14 ಅಂದರೆ 2 ಎಂಎಂ, 3 ಎಂಎಂ ದಾಟಬೇಕಾದರೆ 10 ಗೇಜಿಗೆ ಹೋಗಬೇಕು. ಆದ್ದರಿಂದ ಗೇಜಿನ ಮಾತು ಬಿಟ್ಟು ಎಂಎಂನಲ್ಲಿ ಬರೆಸಿಕೊಳ್ಳಿ. ಇಂಥ ಜಾಲರಿಗೆ ಐಎಸ್ 412:1975 ಅಂತ ಭಾರತೀಯ ಮಾನಕವೇ ಇದೆ. ವಜ್ರದಾಕಾರದ ಕಣ್ಣಿನ ಗಿಡ್ಡ ಅಳತೆ, ಉದ್ದದ ಅಳತೆ, ಎಳೆಯ ಅಗಲ, ಎಳೆಯ ದಪ್ಪ, ಈ ನಾಲ್ಕೂ ಹೇಳದೆ ಜಾಲರಿ ಕೊಡಿ ಅಂದರೆ ಏನು ಬೇಕಾದರೂ ಕೊಡಬಹುದು. ಇನ್ನೊಂದು, 20 ಎಂಎಂ ಕಣ್ಣು ಅಂದರೆ ತೂತು 20 ಎಂಎಂ ಅಂದುಕೊಳ್ಳಬೇಡಿ. ಆ ಗಿಡ್ಡ ಅಳತೆ, ಎಳೆಗಳು ಸೇರುವ ಗಂಟಿನ ನಡುವಿನಿಂದ ಗಂಟಿನ ನಡುವಿಗೆ. ಎಳೆ 3 ಎಂಎಂ ಅಗಲ ಇದ್ದರೆ ಎರಡೂ ಕಡೆ ಸೇರಿ 6 ಹೋಗಿ, ಚಪ್ಪಟೆ ಜಾಲರಿಯಲ್ಲಿ ಸುಮಾರು 14 ಎಂಎಂ ತೂತು ಉಳಿಯುತ್ತದೆ. ದೊಡ್ಡ ಮೇಕೆಗೆ ಅದು ಹೊಂದುತ್ತದೆ, ಹಿಕ್ಕೆಯೂ ಉದುರುತ್ತದೆ. ನಮಗೆ ಹಾಕಿದ್ದು 25ರ ಕಣ್ಣು, ಎರಡೂವರೆ ಎಂಎಂ ಎಳೆ. ತೂತು 20 ದಾಟಿತ್ತು. ಮರಿಯ ಕಾಲು ಇಳಿಯದೆ ಇರುತ್ತದೆಯೇ?

ದಪ್ಪ ಅಳೆಯುವ ವರ್ನಿಯರ್ ಇಲ್ಲದವರಿಗೆ ತಕ್ಕಡಿ ಸಾಕು. ಎಳೆಯ ಅಗಲವನ್ನು ದಪ್ಪದಿಂದ ಗುಣಿಸಿ, ಅದನ್ನು 2ರಿಂದ, ಮತ್ತೆ 7.85ರಿಂದ ಗುಣಿಸಿ, ಕಣ್ಣಿನ ಗಿಡ್ಡ ಅಳತೆಯಿಂದ ಭಾಗಿಸಿ, ಎಲ್ಲವೂ ಎಂಎಂನಲ್ಲಿ. ಬರುವುದು ಒಂದು ಚದರ ಮೀಟರಿನ ತೂಕ, ಕೆಜಿಯಲ್ಲಿ. ನಾವು ಹೇಳಿದ ಮಾಲಿಗೆ ಇದು 7 ಕೆಜಿ ಚಿಲ್ಲರೆ. 8 ಅಡಿಗೆ 4 ಅಡಿ ಶೀಟು ಸುಮಾರು 3 ಚದರ ಮೀಟರ್, ಅಂದರೆ ಒಂದು ಶೀಟು ಸುಮಾರು 21 ಕೆಜಿ ತೂಗಬೇಕಿತ್ತು. ಉಳಿದಿದ್ದ ಪೂರ್ತಿ ಶೀಟೊಂದನ್ನು ಊರಿನ ಹುಣಸೆಹಣ್ಣಿನ ವ್ಯಾಪಾರಿಯ ಕಾಟಾ ಮೇಲೆ ಇಟ್ಟೆವು: ಏಳೂವರೆ ಕೆಜಿ. ಮೂರರಲ್ಲೊಂದು ಪಾಲಿಗೂ ಸ್ವಲ್ಪವಷ್ಟೇ ಹೆಚ್ಚು. ಚದರ ಅಡಿ ಲೆಕ್ಕದಲ್ಲಿ ರೇಟು ಮಾತಾಡುವುದರ ಗುಟ್ಟೇ ಇದು. ಅಡಿ ಕಣ್ಣಿಗೆ ಕಾಣುತ್ತದೆ, ತೂಕ ಕಾಣುವುದಿಲ್ಲ. ಉಕ್ಕನ್ನು ಕೆಜಿ ಲೆಕ್ಕದಲ್ಲೇ ಕೊಳ್ಳಿ, ಶೀಟು ಇಳಿಸುವಾಗ ಒಂದನ್ನಾದರೂ ತೂಗಿ.

ಫಳಫಳ ಬಿಳಿ ಬಣ್ಣ ಸತು ಲೇಪವಾಗಿರಲಿಲ್ಲ, ಸಿಲ್ವರ್ ಪೇಂಟು. ಬೀಗದ ಕೈಯಿಂದ ಗೀರಿದರೆ ಸಿಪ್ಪೆ ಎದ್ದು ಬಂತು, ಕೆಳಗೆ ಬೋಳು ಕಬ್ಬಿಣ. ಆಯಸ್ಕಾಂತ ಹಿಡಿದು ಪರೀಕ್ಷೆ ಮಾಡುತ್ತೇನೆ ಅನ್ನುವವರಿಗೆ ಹೇಳುತ್ತೇನೆ, ಎರಡಕ್ಕೂ ಅಂಟುತ್ತದೆ, ಪ್ರಯೋಜನವಿಲ್ಲ. ಸತು ಲೇಪದಲ್ಲೂ ಎರಡು ದಾರಿ ಇದೆ. ಮೊದಲೇ ಲೇಪ ಮಾಡಿದ ಜಿಐ ಹಾಳೆಯನ್ನು ತಂದು ಸೀಳಿದರೆ, ಸೀಳಿದ ಪ್ರತಿ ಅಂಚಿನಲ್ಲೂ ಉಕ್ಕು ಬರಿಮೈ. ಈ ಜಾಲರಿಯಲ್ಲಿ ಅಂಚು ಬಿಟ್ಟರೆ ಇನ್ನೇನಿದೆ! ಜಾಲರಿ ಮಾಡಿದ ಮೇಲೆ, ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದರೆ ಅಂಚೂ ಮುಚ್ಚುತ್ತದೆ, ಅದೇ ಹಾಟ್ ಡಿಪ್. ಗಂಜಲ ಬೀಳುವ ಜಾಗಕ್ಕೆ ಎರಡನೆಯದೇ ಬೇಕು. ಶೆಡ್ಡಿನಲ್ಲಿ ಅದರ ಮೇಲೆ ವೆಲ್ಡ್ ಹೊಡೆದರೆ ಆ ಜಾಗದ ಸತು ಸುಟ್ಟುಹೋಗುತ್ತದೆ, ಆ ಹೊಗೆ ಕುಡಿದವನಿಗೆ ಜ್ವರವೂ ಬರುತ್ತದೆ. ಬೋಲ್ಟು, ಕ್ಲಾಂಪು ಹಾಕಿಸಿ. ತೊಳೆಯುವಾಗ ಬಿಚ್ಚಬಹುದು.

ಇನ್ನು ದಿಕ್ಕು. ಇದನ್ನು ಯಾವ ವೆಲ್ಡರೂ ತಾನಾಗಿ ಹೇಳುವುದಿಲ್ಲ, ಎಷ್ಟೋ ಜನಕ್ಕೆ ಗೊತ್ತೂ ಇರುವುದಿಲ್ಲ. ವಜ್ರದಾಕಾರದ ಕಣ್ಣಿನ ಉದ್ದದ ಕಡೆ ಒಂದು ಆಧಾರದಿಂದ ಇನ್ನೊಂದು ಆಧಾರಕ್ಕೆ ಹೋಗಬೇಕು. ಆಗ ಎಳೆಗಳು ಭಾರವನ್ನು ನೇರ ಹೊರುತ್ತವೆ. ಗಿಡ್ಡ ಕಡೆಯನ್ನು ಆಧಾರದಿಂದ ಆಧಾರಕ್ಕೆ ಇಟ್ಟರೆ ಅದೇ ಜಾಲರಿ ಜೋತು ಬೀಳುತ್ತದೆ, ತುಳಿದಷ್ಟೂ ಇನ್ನಷ್ಟು ಹಿಗ್ಗುತ್ತದೆ. ನಮ್ಮ ಗುತ್ತಿಗೆದಾರ ತುಂಡು ಉಳಿಸುವುದಕ್ಕೆ ಶೀಟನ್ನು ಬೇಕಾದ ಹಾಗೆ ತಿರುಗಿಸಿ ಹಾಕಿದ್ದ, ಕೆಳಗಿನ ಆಂಗಲ್‌ಗಳ ನಡುವೆ ಎರಡೆರಡು ಅಡಿ ಬಿಟ್ಟಿದ್ದ. ಮೂವತ್ತು ನಲವತ್ತು ಕೆಜಿಯ ಮೇಕೆ ನಾಲ್ಕು ಪುಟ್ಟ ಗೊರಸಿನ ಮೇಲೆ ನಿಂತರೆ ಏನಾಗಬೇಕೋ ಅದೇ ಆಯಿತು. ತಗ್ಗಾದ ಕಡೆ ಗಂಜಲ ನಿಂತಿತು, ಶೀಟು ಸೇರುವ ಕಡೆ ಕತ್ತರಿಸಿದ ತುದಿಗಳು ಮೇಲೆದ್ದವು. ಕತ್ತರಿಸಿದ ಅಂಚಿಗೆಲ್ಲ ಪಟ್ಟಿಯ ಚೌಕಟ್ಟು ಇರಲೇಬೇಕು.

ಕೇಳಿದ್ದಕ್ಕೆ ಅವನ ಉತ್ತರ: ‘ಮೇಕೆಗೆ ಇಷ್ಟು ಸಾಕು ಸಾರ್, ಎಲ್ಲ ಕಡೆ ಇದೇ ಹಾಕ್ತೀವಿ.’ ಎಲ್ಲ ಕಡೆ ಹಾಕಿರುವುದು ನಿಜ ಇರಬಹುದು, ಅದಕ್ಕೇ ಇದನ್ನು ಬರೆಯುತ್ತಿರುವುದು. ಬಿಲ್ಲು ಕೇಳಿದರೆ ‘ಜಾಲರಿ ಕೆಲಸ’ ಅಂತ ಒಂದೇ ಸಾಲಿನ ಚೀಟಿ. ನಿಜವಾದ ಜಿಎಸ್‌ಟಿ ಬಿಲ್ಲಿನಲ್ಲಿ ಉಕ್ಕಿನ ಎಕ್ಸ್‌ಪ್ಯಾಂಡೆಡ್ ಮೆಟಲ್‌ಗೆ 7314 50 ಅನ್ನುವ ಸಂಕೇತ ಇರುತ್ತದೆ, ತೂಕವೂ ಇರಬೇಕು. ಅದು ಇಲ್ಲದ ಕಡೆ ಕೊನೆಯ ಕಂತು ಕೊಡಬೇಡಿ. ನಮ್ಮ ಕೈಯಲ್ಲಿದ್ದದ್ದು ಆ ವಾಟ್ಸಾಪ್ ಒಪ್ಪಿಗೆ, ಕಾಟಾ ಚೀಟಿ, ಫೋಟೋಗಳು, ಪಶು ವೈದ್ಯರ ಬರಹ. ವಕೀಲರ ಪರಿಚಯವಿರುವ ನಮ್ಮ ಮಾವ ಹೇಳಿದಂತೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆವು, ಆಮೇಲೆ ನೋಟಿಸ್ ಕಳಿಸಿದೆವು. ಜಿಲ್ಲಾ ಗ್ರಾಹಕ ಆಯೋಗಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಮೇಕೆ ಸಾಕಣೆ ವ್ಯಾಪಾರವಲ್ಲವೇ ಅಂತ ಎದುರು ಪಕ್ಷದವರು ಹೆದರಿಸಬಹುದು, ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡಿದ್ದರೆ ಕಾಯ್ದೆ ನಿಮ್ಮನ್ನು ಗ್ರಾಹಕನೆಂದೇ ನೋಡುತ್ತದೆ. ನೋಟಿಸ್ ಮುಟ್ಟಿದ ಮೇಲೆ ‘ಓಕೆ ಸಾರ್’ ಮನೆಗೇ ಬಂದ. ಸಾಮಾನಿನ ವ್ಯತ್ಯಾಸದಲ್ಲಿ ಅರ್ಧ ವಾಪಸ್ ಕೊಟ್ಟ. ಸತ್ತ ಮರಿಗೆ, ಔಷಧಿಗೆ ಏನೂ ಇಲ್ಲ. ಕೋರ್ಟು ಅಲೆಯುವ ಚೈತನ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅಲ್ಲಿಗೆ ಬಿಟ್ಟೆವು.

ಈಗ ಹೊಸ ನೆಲ ಹಾಕಿದ್ದೇವೆ: ಚಪ್ಪಟೆ ಜಾಲರಿ, ಮೊದಲು ಹೇಳಿದ ಅಳತೆಯೇ, ಅಡಿಗೊಂದು ಆಧಾರ, ಉದ್ದದ ಕಡೆ ಆಧಾರದಿಂದ ಆಧಾರಕ್ಕೆ. ಮರಿಗಳ ಅಂಕಣಕ್ಕೆ ಇನ್ನೂ ಸಣ್ಣ ಕಣ್ಣಿನದು. ಎಲ್ಲ ಅಂಕಣದಲ್ಲೂ ಒಂದು ಮೂಲೆಗೆ ಗಟ್ಟಿ ಹಲಗೆ ಹಾಕಿದ್ದೇವೆ, ರಾತ್ರಿ ಎಲ್ಲವೂ ಅದರ ಮೇಲೆಯೇ ಮಲಗಲು ಕಿತ್ತಾಡುತ್ತವೆ. ಕಾಸಿದ್ದವರು ಪ್ಲಾಸ್ಟಿಕ್ ಸ್ಲ್ಯಾಟನ್ನೇ ಹಾಕಿ, ಈಗ ಕೇಳಿದರೆ ನಾನು ಅದನ್ನೇ ಹೇಳುವುದು.

ಶೆಡ್ಡಿನ ಪಕ್ಕದ ಗೋಡೆಯ ಬಗ್ಗೆ ಕೇಳುವವರೂ ಇದ್ದಾರೆ. 2019–20ರಲ್ಲಿ ಹೆಬ್ಬೂರು, ಕುಣಿಗಲ್, ಗುಬ್ಬಿ ಕಡೆ ಚಿರತೆಗೆ ಮನುಷ್ಯರೇ ಬಲಿಯಾದ ಜಿಲ್ಲೆ ನಮ್ಮದು, ಚಿಕನ್ ಮೆಶ್ ಕಟ್ಟಿ ಮಲಗುವುದು ಆಗದ ಮಾತು. ಅಲ್ಲಿ ದಪ್ಪ ಎಳೆಯ ಎಕ್ಸ್‌ಪ್ಯಾಂಡೆಡ್ ಜಾಲರಿ, ಆಂಗಲ್ ಚೌಕಟ್ಟಿನೊಳಗೆ, ಮಾಡಿನ ತನಕ ಸಂದಿ ಬಿಡದೆ ಹಾಕಬಹುದು. ಗೊರಸು ತಾಗದ ಎತ್ತರದಲ್ಲಿ ಎದ್ದ ಜಾಲರಿಯಾದರೂ ನಡೆಯುತ್ತದೆ.

ಕಿತ್ತು ಹಾಕಿದ ಶೀಟುಗಳಲ್ಲಿ ಕೆಲವನ್ನು ಮನೆ ಕಟ್ಟುತ್ತಿರುವ ಪಕ್ಕದವರು ಒಯ್ದರು. ಕಾಂಕ್ರೀಟ್ ಕಂಬ ಮತ್ತು ಇಟ್ಟಿಗೆ ಗೋಡೆ ಸೇರುವ ಕಡೆ ಗಾರೆ ಬಿರುಕು ಬಿಡದಂತೆ ಇಂಥ ತೆಳು ಜಾಲರಿ ಹೊಡೆದು ಮೇಲೆ ಪ್ಲಾಸ್ಟರ್ ಮಾಡುತ್ತಾರೆ, ಓರೆ ಎಳೆಗಳು ಗಾರೆಯನ್ನು ಚೆನ್ನಾಗಿ ಹಿಡಿಯುತ್ತವೆ. ಪೇಂಟನ್ನು ಪೂರ್ತಿ ಉಜ್ಜಿ ತೆಗೆಸಿ ಹಾಕಿ ಅಂತ ಹೇಳಿ ಕೊಟ್ಟಿದ್ದೇನೆ. ಇನ್ನಷ್ಟು ಉಳಿದಿವೆ, ಶಿರಾ ಸುತ್ತಮುತ್ತ ಮನೆ ಕೆಲಸ ನಡೆಸುತ್ತಿರುವವರು ಬೇಕಿದ್ದರೆ ಗ್ಲೌಸ್ ಹಾಕಿಕೊಂಡು ಬಂದು ಒಯ್ಯಬಹುದು.