ಮಾಕಿಟೊ: ವರ್ಷಗಟ್ಟಲೆ ಬಳಸಿದ ಮೇಲೆ 5ಕ್ಕೆ 4

ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಗಳಿಗೆ ಮಾಡಿಕೊಟ್ಟ ಬಿಲ್ಲಿಂಗ್ ತಂತ್ರಾಂಶದ ಯೂನಿಟ್ ಟೆಸ್ಟ್‌ಗಳಲ್ಲಿ (ಕೋಡಿನ ಒಂದೊಂದೇ ತುಣುಕನ್ನು ಬೇರೆಯಾಗಿ ಪರೀಕ್ಷಿಸುವ ಟೆಸ್ಟ್‌ಗಳು) ನಾವು ಬಳಸುವುದು ಜಾವಾದ ಮಾಕಿಟೊ, ನಕಲಿ ಆಬ್ಜೆಕ್ಟ್ ಮಾಡಿಕೊಡುವ ಲೈಬ್ರರಿ. 50 ಕೆಜಿ ಚೀಲದ ದರ ಹೊರಗಿನ ಸರ್ವಿಸ್‌ನಿಂದ ಬರುತ್ತದೆ, ದಿನಾ ಏರಿಳಿಯುತ್ತದೆ. ಹಾಗಾಗಿ ಟೆಸ್ಟ್‌ನಲ್ಲಿ ಅದನ್ನು ಮಾಕ್ ಮಾಡದೆ, ಅಂದರೆ ಅದರ ಜಾಗದಲ್ಲಿ ನಕಲಿ ನಿಲ್ಲಿಸದೆ, ಗತಿಯಿಲ್ಲ. 'ವೆನ್' ಒಳಗೆ ಮೆಥಡ್ ಕರೆ, 'ದೆನ್‌ರಿಟರ್ನ್' ಒಳಗೆ ಅದು ಕೊಡಬೇಕಾದ ಬೆಲೆ (ವ್ಯಾಲ್ಯೂ). ಹೊಸಬರಿಗೂ ಬೇಗ ಕೈಗೆ ಹತ್ತುತ್ತದೆ.

ಕಾಟ ಕೊಡುವುದು ನಾವು ಏನೂ ಹೇಳದೆ ಬಿಟ್ಟ ಕರೆಗಳು. ಅವಕ್ಕೆ ಮಾಕಿಟೊ ತಾನೇ ಉತ್ತರ ಕೊಡುತ್ತದೆ: ಸಂಖ್ಯೆಗೆ 0, ಬೂಲಿಯನ್‌ಗೆ ಫಾಲ್ಸ್, ಲಿಸ್ಟ್‌ಗೆ ಖಾಲಿ ಲಿಸ್ಟ್, ಆಪ್ಶನಲ್‌ಗೆ ಖಾಲಿ ಆಪ್ಶನಲ್, ಮಿಕ್ಕ ಬಹುತೇಕ ಆಬ್ಜೆಕ್ಟ್‌ಗಳಿಗೆ ನಲ್ (ಏನೂ ಇಲ್ಲ ಎಂಬ ಗುರುತು). ದರ ಕೇಳುವ ಕರೆಗೆ 'ಅರೇಬಿಕಾ ಪಾರ್ಚ್‌ಮೆಂಟ್' ಎಂಬ ಕಾಫಿ ಹೆಸರು ಕೊಟ್ಟು ಸ್ಟಬ್ ಮಾಡಿರುತ್ತೇವೆ (ಉತ್ತರ ಮೊದಲೇ ಹೇಳಿಡುತ್ತೇವೆ), ಕೋಡ್ ಕೊನೆಗೊಂದು ಸ್ಪೇಸ್ ಸೇರಿಸಿ ಕಳಿಸುತ್ತದೆ. ಎರಡೂ ಒಂದೇ ಅಲ್ಲವಲ್ಲ, ದರ 0 ಬರುತ್ತದೆ. 12 ಚೀಲದ ಬಿಲ್ಲೂ 0. 'ಬೆಳೆಗಾರರಿಗೆ ಬಾಕಿ ಇಲ್ಲ' ಎಂದು ಪರೀಕ್ಷಿಸುವ ಟೆಸ್ಟ್ ಹಸಿರಾಗಿ ಪಾಸ್! ನಲ್ ಬಂದಿದ್ದರೆ ಅಲ್ಲೇ ಮುಗ್ಗರಿಸಿ ಗೊತ್ತಾಗುತ್ತಿತ್ತು. ಸೊನ್ನೆ ಹಾಗಲ್ಲ, ಸದ್ದಿಲ್ಲದೆ ದಾಟಿಹೋಗುತ್ತದೆ. ದರಕ್ಕೆ ಡಬಲ್ ಬದಲು ಬಿಗ್‌ಡೆಸಿಮಲ್ ಇಟ್ಟರೆ, ಅದು ಆಬ್ಜೆಕ್ಟ್ ಆದ್ದರಿಂದ ನಲ್ ಬರುತ್ತದೆ, ಇಲ್ಲೂ ಲಾಭ, ಪೈಸೆ ಲೆಕ್ಕಕ್ಕೂ ಅದೇ ಸರಿ.

ಮದ್ದು ಮಾಕಿಟೊದಲ್ಲೇ ಇದೆ. ಟೆಸ್ಟ್ ಓಡಿಸುವ ಜೆಯೂನಿಟ್ 5ರ ಟೆಸ್ಟ್ ಕ್ಲಾಸಿನ ಮೇಲೆ 'ಎಕ್ಸ್‌ಟೆಂಡ್‌ವಿತ್' ಬರೆದು ಮಾಕಿಟೊ ಎಕ್ಸ್‌ಟೆನ್ಶನ್ ಕೊಡಿ. ಆಗ ಸ್ಟ್ರಿಕ್ಟ್ ಸ್ಟಬ್ಸ್ ತಾನಾಗಿಯೇ ಜಾರಿಗೆ ಬರುತ್ತದೆ. ಸ್ಟಬ್‌ನಲ್ಲಿ ಹೇಳಿದ್ದಕ್ಕಿಂತ ಬೇರೆ ಆರ್ಗ್ಯುಮೆಂಟ್‌ನೊಂದಿಗೆ (ಮೆಥಡ್‌ಗೆ ಕಳಿಸುವ ಬೆಲೆ) ಕರೆ ಬಂದರೆ ಟೆಸ್ಟ್ ಅಲ್ಲೇ ಬೀಳುತ್ತದೆ, ಬಳಕೆಯಾಗದ ಸ್ಟಬ್ ಉಳಿದರೂ ಬೀಳುತ್ತದೆ. ಕಿರಿಕಿರಿ ಎಂದು ಈ ಬಿಗಿ ಸಡಿಲಿಸುವ 'ಲೀನಿಯಂಟ್' ಹಾಕಿ ಬಾಯಿ ಮುಚ್ಚಿಸುವವರಿದ್ದಾರೆ, ಬೇಡ.

ದೆನ್‌ರಿಟರ್ನ್‌ಗೆ ಮೂರು ಬೆಲೆ ಕೊಟ್ಟರೆ ನಾಲ್ಕನೇ ಕರೆಗೆ ಮೂರನೆಯದೇ ಮತ್ತೆ ಸಿಗುತ್ತದೆ. ಲಿಸ್ಟ್ ಕೊಟ್ಟರೆ ಪ್ರತಿ ಸಲವೂ ಅದೇ ಲಿಸ್ಟ್. ಕೋಡ್ ಅದರಿಂದ ಒಂದು ಸಾಲು ತೆಗೆದುಹಾಕಿದರೆ ಮುಂದಿನ ಕರೆಗೂ ಅದು ಇರುವುದಿಲ್ಲ. ಹೊಸದೇ ಬೇಕಿದ್ದರೆ 'ದೆನ್‌ಆನ್ಸರ್' ಬಳಸಿ. ಒಂದು ಆರ್ಗ್ಯುಮೆಂಟ್‌ಗೆ 'ಯಾವುದಾದರೂ ಸರಿ' ಎನ್ನುವ 'ಎನಿ' ಮ್ಯಾಚರ್ ಹಾಕಿದರೆ ಮಿಕ್ಕವಕ್ಕೂ ಮ್ಯಾಚರ್ ಬೇಕು, ನೇರ ಬೆಲೆಯನ್ನು 'ಈಕ್ಯೂ' ಒಳಗೆ ಸುತ್ತಬೇಕು. 'ಎನಿಸ್ಟ್ರಿಂಗ್' ಆವೃತ್ತಿ 2ರಿಂದ ನಲ್ ಒಪ್ಪುವುದಿಲ್ಲ.

ಸ್ಪೈ, ಅಂದರೆ ನಿಜವಾದ ಆಬ್ಜೆಕ್ಟ್‌ಗೆ ಸುತ್ತಿದ ಮಾಕ್, ಅದರ ವಿಷಯದಲ್ಲಿ ಹುಷಾರು. ವೆನ್ ಒಳಗೆ ಬರೆದ ಕರೆ ಮೊದಲು ನಿಜವಾಗಿಯೇ ಓಡುತ್ತದೆ, ಅಂದರೆ ಟೆಸ್ಟ್ ದರದ ಸರ್ವರ್‌ಗೇ ಹೋಗಿ ಬಡಿಯುತ್ತದೆ. 'ಡೂರಿಟರ್ನ್' ಮೊದಲು, ವೆನ್ ಆಮೇಲೆ ಬರೆದರೆ ಆ ಪೀಕಲಾಟ ಇಲ್ಲ. ಆದರೆ ಬೆಲೆಯ ಟೈಪ್ ತಪ್ಪಿದ್ದರೆ ಕಂಪೈಲರ್ ಹೇಳುವುದಿಲ್ಲ, ಟೆಸ್ಟ್ ಓಡಿದಾಗಲೇ ತಿಳಿಯುವುದು.

2023ರ ಮಾಕಿಟೊ ಆವೃತ್ತಿ 5ಕ್ಕೆ ಜಾವಾ 11 ಬೇಕೇ ಬೇಕು. ಅದರಲ್ಲಿ ಫೈನಲ್ ಕ್ಲಾಸ್‌ಗಳನ್ನು (ವಿಸ್ತರಿಸಲಾಗದವು) ಬೇರೆ ಸೆಟ್ಟಿಂಗ್ ಇಲ್ಲದೆ ಮಾಕ್ ಮಾಡಬಹುದು. ಒಂದು ಅಂಕ ಕಡಿಮೆ ಕೊಟ್ಟದ್ದು ಆ ಸೊನ್ನೆಗೇ. ಜಾವಾ 21ರಲ್ಲಿ ಏಜೆಂಟ್ (ಓಡುವ ಕೋಡನ್ನು ಬದಲಿಸುವ ಸಹಾಯಕ) ಬಗ್ಗೆ ಎಚ್ಚರಿಕೆ ಕಂಡರೆ, ಮಾಕಿಟೊ ಜಾರ್ ಅನ್ನು ಟೆಸ್ಟ್ ಓಡಿಸುವ ಕಮಾಂಡಿನಲ್ಲಿ ಜಾವಾ ಏಜೆಂಟ್ ಆಗಿ ಸೇರಿಸಿ.