ಹಳೇ ಲ್ಯಾಪ್‌ಟಾಪ್‌ಗೆ ಯಾವುದು: ವಿಂಡೋಸ್ 11, ಇಲ್ಲಾ ಲಿನಕ್ಸ್ ಮಿಂಟ್?

ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನ ಕನ್ನಡದವರು ಈಚೆಗೆ ಇದನ್ನೇ ಕೇಳುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತಲ್ಲ, ಮುಂದೇನು?

ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಲಿನಕ್ಸ್ ಮಿಂಟ್ ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಅದಕ್ಕೆ 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಸಾಕು. 4 ಜಿಬಿ ಇದ್ದರೆ ಇನ್ನೂ ಆರಾಮ. ದುಡ್ಡು ಕೊಡಬೇಕಿಲ್ಲ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ.

ಪಕ್ಕದ ಮನೆಯ ಅಜ್ಜಿಗೆ ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡಿಸಿ ತೋರಿಸಿದೆ. ಹಾರ್ಡ್‌ಡಿಸ್ಕ್ ಮುಟ್ಟಲಿಲ್ಲ. ವೈಫೈ ಹಿಡಿಯಿತು, ಪ್ರಿಂಟರ್‌ನಿಂದ ಕಾಗದ ಬಂತು. ಆಮೇಲೆ ಫೋಟೋಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿ, ಇನ್‌ಸ್ಟಾಲ್ ಮಾಡಿದೆವು. ಈಗ ಧಾರವಾಡದ ತಂಗಿಗೆ ಕನ್ನಡದಲ್ಲೇ ಮೇಲ್ ಬರೆಯುತ್ತಾರೆ. ಚೆನ್ನಾಗಿರುವ ಯಂತ್ರವನ್ನು ಸುಮ್ನೆ ಗುಜರಿಗೆ ಹಾಕೋದು ನನಗಂತೂ ಸಂಕಟ.

ಒಂದು ಎಚ್ಚರಿಕೆ: ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟ್‌ನ ಕಡತಗಳಿದ್ದರೆ ಮೊದಲು ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಅಕ್ಷರದ ಬದಲು ಗೀಚು ಕಾಣುತ್ತದೆ.

ಅಂಗಡಿ ಲೆಕ್ಕಕ್ಕೆ ಟ್ಯಾಲಿ, ಕೆಲಸಕ್ಕೆ ಫೋಟೋಶಾಪ್ ಬೇಕೇಬೇಕಾ? ಹಾಗಾದರೆ ವಿಂಡೋಸ್‌ನಲ್ಲೇ ಇರಿ. ಬ್ರೌಸರ್, ಪತ್ರ, ಸಿನಿಮಾ, ಮಕ್ಕಳ ಓದು ಇಷ್ಟೇ ಆದರೆ ಮಿಂಟ್ ಹಾಕಿ. ಅದರ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಮೂಲ ಪ್ರೋಗ್ರಾಂ, ಯಾರು ಬೇಕಾದರೂ ತೆರೆದು ನೋಡಬಹುದು, ಇನ್ನೊಬ್ಬರಿಗೆ ಹಂಚಬಹುದು. ನಾನು ಆ ಪೆನ್‌ಡ್ರೈವ್ ಅನ್ನು ಇನ್ನೂ ಮೂರು ಮನೆಗೆ ಕೊಟ್ಟಿದ್ದೇನೆ.