ರಾಯಲ್ ಗ್ರಾಮಾ ಅಂತ ಹೇಳಿ ಡಾಟಿಬ್ಯಾಕ್ ಕೊಟ್ಟ, ನೀವು ಮೋಸ ಹೋಗಬೇಡಿ

ರೀಫ್ ಟ್ಯಾಂಕ್, ಅಂದ್ರೆ ಹವಳ, ಸಮುದ್ರದ ಮೀನು ಸಾಕೋ ಉಪ್ಪು ನೀರಿನ ಟ್ಯಾಂಕ್ ಇಟ್ಟು ನಾಲ್ಕು ವರ್ಷ ಆಯ್ತು. ಹೊಸಬರು ಸಿಕ್ಕಿದ್ರೆ "ಮೀನು ತರೋ ಮುಂಚೆ ಸ್ವಲ್ಪ ಓದ್ಕೊಳ್ರಪ್ಪ" ಅಂತ ಉಪದೇಶ ಮಾಡೋನು ನಾನೇ. ಅಂಥ ನನಗೇ ಮೀನು ಮಾರೋನೊಬ್ಬ ಟೋಪಿ ಹಾಕಿದ, ಸಾಧು ಮೀನು ರಾಯಲ್ ಗ್ರಾಮಾ ಅಂತ ಹೇಳಿ, ನೋಡೋಕೆ ಅದೇ ಥರ ಇರೋ ಜಗಳಗಂಟ ಮೀನು ಡಾಟಿಬ್ಯಾಕ್ ಕೊಟ್ಟು. ನಾಚಿಕೆ ಬಿಟ್ಟು ಬರೀತಿದ್ದೀನಿ.

ನನ್ನ ಟ್ಯಾಂಕ್‌ನಲ್ಲಿ ಇದ್ದದ್ದು ಕ್ಲೌನ್ ಮೀನಿನ ಜೋಡಿ, ಒಂದು ಫೈರ್‌ಫಿಶ್, ಒಂದು ಕ್ಲೀನರ್ ಶ್ರಿಂಪ್ (ಸಿಗಡಿ). ಫೈರ್‌ಫಿಶ್ ಎಷ್ಟು ಪುಕ್ಕಲು ಅಂತ ಸಾಕಿದವರಿಗೆ ಗೊತ್ತು. ಅದಕ್ಕೇ ತಿಂಗಳುಗಟ್ಟಲೆ ಯೋಚನೆ ಮಾಡಿ ರಾಯಲ್ ಗ್ರಾಮಾ ಅಂತ ತೀರ್ಮಾನಿಸಿದ್ದೆ. ಕೆರಿಬಿಯನ್ ಕಡೆಯ ಮೀನು, ಬೆಳೆದ್ರೂ 8 ಸೆಂ.ಮೀ. ಆಸುಪಾಸು, ಹವಳದ ತಂಟೆಗೆ ಹೋಗಲ್ಲ. ತನ್ನ ಬಿಲದ ಹತ್ತಿರ ಯಾರಾದ್ರೂ ಬಂದ್ರೆ ಬಾಯಿ ಅಗಲಿಸಿ ಹೆದರಿಸುತ್ತೆ, ಅಷ್ಟೇ.

ಮಾರೋನು ವಿಡಿಯೋ ಕಳಿಸಿದ. ಪೂರ್ತಿ ನೀಲಿ ಲೈಟ್. ಮುಂದೆ ನೇರಳೆ, ಹಿಂದೆ ಹಳದಿ, ಚೆಂದ ಅಂದ್ರೆ ಚೆಂದ. ಆದ್ರೂ ಕೇಳಿದೆ. ಕೇಳಿದ್ದೆ ರೀ! "ಇದು ಗ್ರಾಮಾನೇ ತಾನೆ? ಡಾಟಿಬ್ಯಾಕ್ ಅಲ್ವಲ್ಲ?" ಅಂತ. "ನೂರಕ್ಕೆ ನೂರು ಗ್ರಾಮಾ ಸರ್. ರೀಫ್ ಸೇಫ್, ಹವಳ ಮುಟ್ಟಲ್ಲ. ಕಣ್ಣು ಮುಚ್ಕೊಂಡು ತಗೊಳ್ಳಿ" ಅಂದ. ಕಣ್ಣು ಮುಚ್ಕೊಂಡೇ ತಗೊಂಡೆ.

ಸಂಜೆ ಲೈಟ್ ಕಮ್ಮಿ ಮಾಡಿ ಬಿಟ್ಟೆ. ಸೀದಾ ಬಂಡೆ ಸಂದಿಗೆ ಹೋಯ್ತು. ಮೊದಲು ಬೇರೆ ಟ್ಯಾಂಕಲ್ಲಿ ಕ್ವಾರಂಟೈನ್ ಮಾಡಿದ್ರೆ ಅಲ್ಲೇ ಗೊತ್ತಾಗ್ತಿತ್ತು. ಮಾಡಲಿಲ್ಲ, ಬೈಬೇಡಿ, ಮನೇಲಿ ಆಗಲೇ ಬೈಸ್ಕೊಂಡಿದ್ದೀನಿ.

ಎರಡನೇ ದಿನ ಫೈರ್‌ಫಿಶ್ ಮೇಲಿನ ಮೂಲೆ ಹಿಡಿದು ನಿಂತಿತ್ತು. ಬೆನ್ನ ಮೇಲಿನ ಆ ಉದ್ದ ಕಡ್ಡಿ ಆಡಿಸ್ತಾನೇ ಇರಲಿಲ್ಲ. ಹೊಸ ಮೀನಲ್ವಾ, ಹೊಂದ್ಕೊಳ್ಳುತ್ತೆ ಬಿಡು ಅಂದ್ಕೊಂಡೆ. ಮೂರನೇ ದಿನ ಬೆಳಿಗ್ಗೆ ಸ್ಟ್ಯಾಂಡ್ ಪಕ್ಕ ನೆಲದ ಮೇಲೆ ಬಿದ್ದಿತ್ತು. ಒಣಗಿ ಕಡ್ಡಿ ಆಗಿತ್ತು. ಪೈಪ್ ಇಳಿಯೋ ಕಡೆ ಮುಚ್ಚಳದಲ್ಲಿ ಎರಡು ಬೆರಳಷ್ಟು ಸಂದಿ ಇದೆ, ಅಷ್ಟರಲ್ಲೇ ಹಾರಿದೆ.

ಆಗ ಬಿಳಿ ಲೈಟ್ ಪೂರ್ತಿ ಹಾಕಿ, ಟಾರ್ಚ್ ಹಿಡಿದು ಕೂತೆ. ಅರ್ಧ ಗಂಟೆ ಆದ್ಮೇಲೆ ಮಹಾಶಯ ಹೊರಗೆ ಬಂದ. ನೇರಳೆ ಮತ್ತೆ ಹಳದಿ ಮಧ್ಯೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿತ್ತು. ಗ್ರಾಮಾಗೆ ಹಾಗಿರಲ್ಲ, ನೇರಳೆ ಚುಕ್ಕಿ ಚುಕ್ಕಿಯಾಗಿ ಹಳದಿಯಲ್ಲಿ ಕರಗುತ್ತೆ. ಗ್ರಾಮಾದ ಬೆನ್ನಿನ ರೆಕ್ಕೆ ಮುಂಭಾಗದಲ್ಲಿ ಒಂದು ಕಪ್ಪು ಬೊಟ್ಟು ಇರುತ್ತೆ. ಇದರ ರೆಕ್ಕೆ ಗಾಜಿನ ಹಾಗೆ ಪಾರದರ್ಶಕ. ಬೊಟ್ಟೂ ಇಲ್ಲ, ಏನೂ ಇಲ್ಲ. ರಾಯಲ್ ಡಾಟಿಬ್ಯಾಕ್! ಪೆಸಿಫಿಕ್ ಕಡೆಯ ರೌಡಿ. ಇಷ್ಟೆಲ್ಲಾ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನೀಲಿ ವಿಡಿಯೋ ನೋಡಿ ದುಡ್ಡು ಕಳಿಸಿದೆ. ಅದೇ ಹೊಟ್ಟೆ ಉರಿಯೋದು.

ಫೋಟೋ ಕಳಿಸಿದೆ. ಬಂದ ಉತ್ತರಗಳು, ಒಂದೊಂದಾಗಿ:

"ಸರ್, ಎರಡೂ ಒಂದೇ ಥರ ಅಲ್ವಾ, ನೋಡೋಕೆ."

ನೋಡೋಕೆ ಅಂತೆ! ಒಟ್ಟಿಗೆ ಬದುಕೋಕೆ ತಂದಿದ್ದು ನಾನು.

"ಮೇಲಿಂದ ಸ್ಟಾಕ್ ಬರೋವಾಗ ಗ್ರಾಮಾ ಅಂತಾನೇ ಬಂತು ಸರ್." ಆಮೇಲೆ, "ನಿಮ್ಮ ಟ್ಯಾಂಕ್ ಚಿಕ್ಕದಾಯ್ತು." ಆಮೇಲೆ, "ಊಟ ಜಾಸ್ತಿ ಹಾಕಿ, ಸರಿ ಹೋಗುತ್ತೆ." ಫೈರ್‌ಫಿಶ್ ಸತ್ತಿದ್ದು ಹೇಳಿದ್ರೆ, "ಅಯ್ಯೋ, ಮುಚ್ಚಳ ಸರಿಯಾಗಿ ಹಾಕಿರಲಿಲ್ವಾ ಸರ್?"

ಇದು ಮಾತ್ರ ಎದೆಗೆ ನಾಟಿತು. ಯಾಕಂದ್ರೆ ನಿಜ. ಸಂದಿ ನನ್ನದೇ ತಪ್ಪು. ಆದ್ರೆ ಅಷ್ಟು ದಿನ ಅದೇ ಸಂದಿ ಇತ್ತು, ಅದು ಹಾರಿರಲಿಲ್ಲ. ಅಟ್ಟಿಸ್ಕೊಂಡು ಹೋದ್ರೆ ಹಾರದೆ ಏನು ಮಾಡುತ್ತೆ?

ವಾಪಸ್ ತಗೋತೀರಾ ಅಂದೆ. "ಜೀವ ಇರೋದಕ್ಕೆ ವಾಪಸ್ ಇಲ್ಲ ಸರ್." ಅಲ್ಲಿಗೆ ಮುಗೀತು.

ಇನ್ನು ಹಿಡಿಯೋ ಕಥೆ. ಬಾಟಲಿ ಕತ್ತರಿಸಿ, ಒಳಗೆ ಮೈಸಿಸ್ (ಮೀನಿಗೆ ಹಾಕೋ ಪುಟ್ಟ ಸಿಗಡಿ ಥರದ ಊಟ) ಹಾಕಿ ಬಲೆ ಮಾಡಿದೆ. ಎರಡು ಕ್ಲೌನ್‌ಗಳೂ ಒಳಗೆ ಹೋಗಿ ಹೊಟ್ಟೆ ತುಂಬ ತಿಂದು ಕೂತ್ವು, ಇದು ಹೊರಗಡೆ ನಿಂತು ನೋಡ್ತಿತ್ತು. ಆ ವಾರದಲ್ಲೇ ಒಂದು ದಿನ ಶ್ರಿಂಪ್‌ನ ಖಾಲಿ ಪೊರೆ ಮರಳಿನ ಮೇಲೆ ಕಂಡಿತ್ತು. ಪೊರೆ ಕಳಚಿದೆ, ಎರಡು ದಿನ ಬಚ್ಚಿಟ್ಕೊಂಡು ಬರುತ್ತೆ ಅಂತ ಖುಷಿಪಟ್ಟೆ. ಬರಲೇ ಇಲ್ಲ. ಮೈ ಮೆತ್ತಗಿದ್ದಾಗ ಇವನೇ ಮುಗಿಸಿರಬೇಕು. ಕೊನೆಗೆ ಬಂಡೆಗಳನ್ನೆಲ್ಲಾ ಬಕೆಟ್‌ಗೆ ತೆಗೆದೆ. ನೀರು ರಾಡಿ, ಹ್ಯಾಮರ್ ಹವಳದ ಒಂದು ತಲೆ ಮುರಿದು ಬಿತ್ತು. ನಾಲ್ಕು ವರ್ಷದ ಜೋಡಣೆ ಒಂದು ಮಧ್ಯಾಹ್ನದಲ್ಲಿ ಹೋಯ್ತು.

ಹಾಗಾಗಿ, ಬಿಳಿ ಲೈಟ್‌ನಲ್ಲಿ, ಪಕ್ಕದಿಂದ ತೆಗೆದ ಫೋಟೋ ಕೇಳಿ. ಬೆನ್ನಿನ ರೆಕ್ಕೆ ಬಿಚ್ಚಿರಬೇಕು. ಕೊಡಲ್ಲ ಅಂದ್ರೆ ಬಿಟ್ಟುಬಿಡಿ. ವೈಜ್ಞಾನಿಕ ಹೆಸರು ಬರೆದು ಕೊಡೋಕೆ ಹೇಳಿ, ಗ್ರಾಮಾ ಲೊರೆಟೊ ಅಂತ. "ರೀಫ್ ಸೇಫ್" ಅನ್ನೋ ಮಾತು ಕೇಳಿ ಕುಣೀಬೇಡಿ, ಹವಳ ತಿನ್ನಲ್ಲ ಅಂದ ಮಾತ್ರಕ್ಕೆ ಪಕ್ಕದ ಮೀನನ್ನ ಬಿಡುತ್ತೆ ಅಂತಲ್ಲ. ಡಾಟಿಬ್ಯಾಕ್ ಬೇಕೇ ಬೇಕು ಅಂದ್ರೆ ಗಟ್ಟಿ ಮೀನುಗಳ ಜೊತೆ, ಎಲ್ಲಕ್ಕಿಂತ ಕೊನೆಗೆ ಬಿಡಿ. ಮುಚ್ಚಳದ ಸಂದಿ ಇವತ್ತೇ ಮುಚ್ಚಿ.

ಮೀನು ಈಗ ಟ್ಯಾಂಕ್ ಕೆಳಗೆ, ಫಿಲ್ಟರ್ ಇಡೋ ತೊಟ್ಟಿ ಅಂದ್ರೆ ಸಂಪ್‌ನಲ್ಲಿದೆ. ನಿನ್ನೆ ಅದೇ ಮನುಷ್ಯ ಸ್ಟೇಟಸ್ ಹಾಕಿದ್ದಾನೆ, ಅದೇ ನೀಲಿ ಲೈಟಿನ ವಿಡಿಯೋ. ಕೆಳಗೆ ಬರೆದಿದ್ದಾನೆ: "ರಾಯಲ್ ಗ್ರಾಮಾ, ಫ್ರೆಶ್ ಸ್ಟಾಕ್, ಎರಡೇ ಉಳಿದಿವೆ."